ಗುಹಾಸುರನ ಎಲ್ಲೆಯೊಳಗೆ

ಮೂಡಣಕ್ಕೆ ಉಚ್ಚಂಗಿದುರ್ಗ, ತೆಂಕಣಕ್ಕೆ ಗೋವಿನಹಾಳು, ಪಡುವಣಕ್ಕೆ ಮುದನೂರು, ಬಡಗಣಕ್ಕೆ ಐರಣಿ. ಹರಿಹರದ ಸ್ಥಳಪುರಾಣ ಗುಹಾಸುರನ ನೆಲಕ್ಕೆ ಹೇಳುವ ಎಲ್ಲೆ ಇದು. ಹೊಲದ ಖರೀದಿ ಪತ್ರದಲ್ಲಿ ಚಕ್ಕುಬಂದಿ ಬರೆಸುವ ಹಾಗೆ ನಾಲ್ಕೂ ದಿಕ್ಕಿಗೆ ಒಂದೊಂದು ಊರಿನ ಹೆಸರು ಹಿಡಿದು ಒಬ್ಬ ಅಸುರನ ರಾಜ್ಯವನ್ನು ಅಳೆದುಕೊಟ್ಟಿದ್ದಾರೆ. ಪಾತಾಳ, ಲಂಕೆ, ಶೋಣಿತಪುರ ಎಂದೆಲ್ಲ ದೂರದ ಹೆಸರುಗಳಿಲ್ಲ. ಉಚ್ಚಂಗೆಮ್ಮನ ಜಾತ್ರೆಗೆ ಹೋಗಿ ಬಂದವರಿಗೆ ಮೂಡಣದ ಗಡಿ ಗೊತ್ತು. ಐರಣಿಯ ಹೊಳೆಮಠಕ್ಕೆ ನಡೆದುಕೊಳ್ಳುವವರಿಗೆ ಬಡಗಣದ ಗಡಿ ಗೊತ್ತು. ಪಡುವಣದ ಮುದನೂರು, ಈಗಿನ ಮುದೇನೂರು, ರಾಣೆಬೆನ್ನೂರು ತಾಲ್ಲೂಕಿನಲ್ಲೇ ಇದೆ.

ಈ ಎಲ್ಲೆಯೊಳಗೆ, ಹರಿಹರದಿಂದ ಹೊಳೆ ದಾಟಿದೊಡನೆ ಸಿಗುವ ಊರು ಕುಮಾರಪಟ್ಟಣ. ಏಕೀಕರಣಕ್ಕೆ ಮೊದಲು ಹೊಳೆಯ ಆಚೆಗೆ ಮೈಸೂರು ಸಂಸ್ಥಾನ, ಈಚೆಗೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಈಗ ಆಚೆ ದಾವಣಗೆರೆ, ಈಚೆ 1997ರಲ್ಲಿ ಹುಟ್ಟಿದ ಹಾವೇರಿ. ಉಚ್ಚಂಗಿದುರ್ಗವಂತೂ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ ಎಂದು ಅಲೆದು ಕೊನೆಗೆ ವಿಜಯನಗರ ಜಿಲ್ಲೆಯಲ್ಲಿ ನೆಲೆನಿಂತಿದೆ. ಗುಹಾಸುರನ ಚಕ್ಕುಬಂದಿ ಮಾತ್ರ ಸ್ಥಳಪುರಾಣ ಹೇಳಿದ ಜಾಗದಲ್ಲೇ ಇದೆ. ಅವನ ಕಾಲದಲ್ಲಿ ಇದೆಲ್ಲ ಕಾಡು, ಗುಹಾರಣ್ಯ. ಈಗ ಕುಮಾರಪಟ್ಟಣ ಎಂದರೆ ಗ್ರಾಸಿಂ ಕಂಪನಿಯ ಹರಿಹರ ಪಾಲಿಫೈಬರ್ಸ್. ಮರವನ್ನು ತಿರುಳು ಮಾಡಿ, ತಿರುಳನ್ನು ನಾರು ಮಾಡುವ ಊರು. ಗುಹಾರಣ್ಯಕ್ಕೆ ಇವತ್ತು ಮರ ಲಾರಿಯಲ್ಲಿ ಬರುತ್ತದೆ.

ಕಥೆಯನ್ನು ಚೊಕ್ಕವಾಗಿ ಹೇಳಿಬಿಡುತ್ತೇನೆ. ಸೂಳೆಕೆರೆಯ ಕೋಡಿಯಿಂದ ಹೊರಟ ಹರಿದ್ರಾ ತುಂಗಭದ್ರೆಯನ್ನು ಸೇರುವ ಕಡೆ ಕೂಡಲೂರು, ಅಂದರೆ ಇಂದಿನ ಹರಿಹರ. ಅದರ ಸುತ್ತಣ ಕಾಡಿಗೆ ಗುಹ ಒಡೆಯ. ಅವನು ಬ್ರಹ್ಮನನ್ನು ಕುರಿತು ತಪಸ್ಸಿಗೆ ಕೂತ. ಒಲಿದು ಬಂದ ಬ್ರಹ್ಮನಲ್ಲಿ ಅವನು ಕೇಳಿದ್ದು ಚಿನ್ನವಲ್ಲ, ಸ್ವರ್ಗವಲ್ಲ. ಹರಿಯಿಂದ ನನಗೆ ಸಾವು ಬರಬಾರದು, ಹರನಿಂದಲೂ ಬರಬಾರದು ಎಂದ. ಬ್ರಹ್ಮ ಕೊಟ್ಟ. ಅಲ್ಲಿಂದ ಮುಂದೆ ದೇವತೆಗಳಿಗೂ ಮನುಷ್ಯರಿಗೂ ಅವನ ಕಾಟ ಶುರುವಾಯಿತು. ದೇವತೆಗಳು ಮೊರೆಹೋದರು. ಹರಿಗೆ ಅವನನ್ನು ಮುಟ್ಟುವಂತಿಲ್ಲ, ಹರನಿಗೂ ಇಲ್ಲ. ಆಗ ಇಬ್ಬರೂ ಒಂದೇ ದೇಹವಾಗಿ ಕೂಡಲೂರಿಗೆ ಇಳಿದರು. ಹರಿಯೂ ಅಲ್ಲದ, ಹರನೂ ಅಲ್ಲದ, ಇಬ್ಬರೂ ಆದ ಆ ರೂಪದ ಕೈಯಲ್ಲಿ ಗುಹಾಸುರ ಸತ್ತ. ಸಾಯುವ ಮುನ್ನ ಒಂದು ಮಾತು ಕೇಳಿಕೊಂಡ: ಈ ನೆಲಕ್ಕೆ ನನ್ನ ಹೆಸರು ಇರಲಿ. ಅದಕ್ಕೇ ಇದು ಗುಹಾರಣ್ಯ.

ಇದೇ ಹೊಳೆಯ ಎರಡೂ ದಂಡೆಗಳ ಮಕ್ಕಳು ಈಗ ಇನ್ನೊಬ್ಬ ಅಸುರರಾಜನ ಕಥೆಯಲ್ಲಿ ಮುಳುಗಿದ್ದಾರೆ. ಅವನ ಹೆಸರು ಕಿಬುತ್ಸುಜಿ ಮುಜಾನ್. ಕೊಯೊಹರು ಗೊಟೊಗೆ 2016ರಿಂದ 2020ರವರೆಗೆ ಜಪಾನಿನ ವಾರಪತ್ರಿಕೆಯೊಂದರಲ್ಲಿ ಬರೆದು ಚಿತ್ರಿಸಿದ ‘ಡೀಮನ್ ಸ್ಲೇಯರ್’ ಮಾಂಗಾದ ಖಳ. 2019ರಲ್ಲಿ ಯೂಫೊಟೇಬಲ್ ಸ್ಟುಡಿಯೊ ಅದನ್ನು ಆನಿಮೆ ಸರಣಿ ಮಾಡಿತು. 2020ರಲ್ಲಿ ಬಂದ ‘ಮುಗೆನ್ ಟ್ರೇನ್’ ಜಪಾನಿನ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು. 2025ರ ಸೆಪ್ಟೆಂಬರಿನಲ್ಲಿ ‘ಇನ್ಫಿನಿಟಿ ಕ್ಯಾಸಲ್’ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲೂ ಮಾತಾಡಿತು. ನಮ್ಮ ಹುಡುಗರು ಹಿಂದಿಯಲ್ಲಿ ಕೇಳುತ್ತಾರೆ, ಇಲ್ಲವೇ ಜಪಾನಿ ದನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಳ್ಳುತ್ತಾರೆ. ಯಾರ ಬಲ ಎಷ್ಟು, ಯಾರು ಯಾರನ್ನು ಸೋಲಿಸಬಲ್ಲರು ಎಂದು ಅವರು ಗಂಟೆಗಟ್ಟಲೆ ವಾದಿಸುವುದನ್ನು ಕೇಳಬೇಕು. ಅದರಲ್ಲಿ ಅಪಾರ ಶ್ರದ್ಧೆ ಇದೆ. ದೊಡ್ಡವರು ಅದನ್ನು ಕಾರ್ಟೂನು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮುಜಾನ್ ಮೊದಲ ಸಲ ಎದುರಾಗುವ ದೃಶ್ಯವನ್ನು ನೋಡಿ. ಸುಮಾರು ನೂರು ವರ್ಷದ ಹಿಂದಿನ ಟೋಕಿಯೊದ ಅಸಾಕುಸಾ ಪೇಟೆ. ಬೀದಿ ತುಂಬ ದೀಪ, ಜನ. ಬೆಟ್ಟದ ಹಳ್ಳಿಯಿಂದ ಬಂದ ತಾಂಜಿರೊ ಎಂಬ ಹುಡುಗ ಆ ಗದ್ದಲಕ್ಕೆ ಕಂಗಾಲಾಗಿ ಒಂದು ಮೂಲೆಯ ಗಾಡಿಯಂಗಡಿಯಲ್ಲಿ ಉಣ್ಣಲು ನಿಂತಿದ್ದಾನೆ. ತಟ್ಟನೆ ಅವನ ಮೂಗಿಗೆ ಒಂದು ವಾಸನೆ ಬಡಿಯುತ್ತದೆ. ತನ್ನ ತಾಯಿ, ತಮ್ಮ ತಂಗಿಯರು ಸತ್ತುಬಿದ್ದಿದ್ದ ಮನೆಯಲ್ಲಿ ಉಳಿದಿದ್ದ ವಾಸನೆ ಅದು. ಜನರನ್ನು ಸೀಳಿಕೊಂಡು ಓಡಿ ಹೋಗಿ ಒಬ್ಬನ ಭುಜ ಹಿಡಿದು ತಿರುಗಿಸುತ್ತಾನೆ. ಬಿಳಿ ಟೋಪಿ, ಇಸ್ತ್ರಿ ಮುರಿಯದ ಸೂಟು, ತೋಳಿನಲ್ಲಿ ಒಂದು ಪುಟ್ಟ ಹೆಣ್ಣುಮಗು. ಮಗು ಅವನನ್ನು ಅಪ್ಪಾ ಎಂದು ಕರೆಯುತ್ತದೆ. ಪಕ್ಕದಲ್ಲಿ ಹೆಂಡತಿ. ಸಾವಿರ ವರ್ಷದಿಂದ ಮನುಷ್ಯರನ್ನು ತಿನ್ನುತ್ತಿರುವವನು ಮನುಷ್ಯರ ನಡುವೆ ಸಂಸಾರಸ್ಥನಾಗಿ ನಿಂತಿದ್ದಾನೆ. ಹುಡುಗ ಕತ್ತಿಗೆ ಕೈಹಾಕುವಷ್ಟರಲ್ಲಿ ಅವನು ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬನ ಕುತ್ತಿಗೆಯನ್ನು ಉಗುರಿನಿಂದ ಗೀರುತ್ತಾನೆ. ಅಷ್ಟೇ. ಆ ದಾರಿಹೋಕ ರಾಕ್ಷಸನಾಗಿ ಪಕ್ಕದಲ್ಲಿದ್ದ ತನ್ನ ಹೆಂಡತಿಯ ಮೇಲೇ ಎರಗುತ್ತಾನೆ.

ರಕ್ತದಿಂದ ರಾಕ್ಷಸರು ಹುಟ್ಟುವ ಈ ಸಂಗತಿ ನಮಗೆ ಹೊಸದಲ್ಲ. ದೇವಿಮಹಾತ್ಮೆಯ ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಾಗಲೂ ಒಬ್ಬೊಬ್ಬ ರಕ್ತಬೀಜ ಏಳುತ್ತಿದ್ದ. ಹನಿ ನೆಲ ಮುಟ್ಟದ ಹಾಗೆ ಕಾಳಿ ನಾಲಗೆ ಚಾಚಬೇಕಾಯಿತು. ಮುಜಾನನ ಹುಟ್ಟಿನ ಕಥೆಯಲ್ಲೂ ನಮ್ಮ ವರದ ಕಥೆಗಳ ನಡೆ ಇದೆ. ಅವನು ಹೇಯಾನ್ ಕಾಲದ ಒಬ್ಬ ರೋಗಿ, ಸಾಯುತ್ತಿದ್ದವನು. ವೈದ್ಯನೊಬ್ಬ ಹೊಸ ಮದ್ದು ಕೊಟ್ಟ. ಗುಣ ಕಾಣಲಿಲ್ಲವೆಂಬ ಸಿಟ್ಟಿಗೆ ಮುಜಾನ್ ಅವನನ್ನು ಕೊಂದ; ಕೊಂದ ಮೇಲೆ ಮದ್ದು ಕೆಲಸ ಮಾಡಿದ್ದು ತಿಳಿಯಿತು. ಸಾವು ಹತ್ತಿರ ಸುಳಿಯಲಿಲ್ಲ, ಆದರೆ ಬಿಸಿಲಿಗೆ ಬರುವಂತಿಲ್ಲ. ಆ ಒಂದು ಕೊರತೆಯನ್ನು ತುಂಬಿಕೊಳ್ಳಲು ಸಾವಿರ ವರ್ಷ ಒಂದು ನೀಲಿ ಹೂವಿಗಾಗಿ ಹುಡುಕುತ್ತಾನೆ. ಎಲ್ಲವನ್ನೂ ಪಡೆದು ಒಂದರಲ್ಲಿ ಸಿಕ್ಕಿಬೀಳುವ ಬಾಳು ಇದು. ನಮ್ಮ ಹಿರಣ್ಯಕಶಿಪು, ರಾವಣ, ತಾರಕ ಎಲ್ಲರೂ ಸಿಕ್ಕಿಬಿದ್ದದ್ದು ಇಂಥ ಕಡೆಯೇ.

ಈ ಹೋಲಿಕೆ ಆಕಸ್ಮಿಕವಲ್ಲ, ಅಸುರರು ನಿಜವಾಗಿಯೂ ಇಲ್ಲಿಂದ ಅಲ್ಲಿಗೆ ಹೋದವರು. ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನ್ ಸೇರಿದರು. ನಾರಾ ನಗರದ ಕೊಫುಕುಜಿ ದೇಗುಲದಲ್ಲಿ ಅಶುರ ಎಂಬ ವಿಗ್ರಹವಿದೆ. 734ರಲ್ಲಿ ಮಾಡಿದ್ದು. ಬಟ್ಟೆಯ ಮೇಲೆ ಅರಗಿನ ಪದರ ಹಚ್ಚಿ ಹಚ್ಚಿ ರೂಪಿಸಿದ, ಒಳಗೆ ಪೊಳ್ಳಾದ, ಹಗುರವಾದ ಮೂರ್ತಿ. ಮೂರು ಮುಖ, ಆರು ಕೈ. ಕೈಗಳು ಸಪೂರ, ಎಳೆಯ ಕೊಂಬೆಯಷ್ಟು. ಮುಖ ಮಾತ್ರ ಹದಿಹರೆಯದ ಹುಡುಗನದು. ಹುಬ್ಬು ಗಂಟಿಕ್ಕಿದೆ, ಕಣ್ಣಿನಲ್ಲಿ ಅಳು ತಡೆದಂಥ ಭಾವ. ಇಂದ್ರನ ಮೇಲೆ ದಂಡೆತ್ತಿ ಹೋಗುತ್ತಿದ್ದ ಅಸುರ ಬುದ್ಧನ ಮಾತು ಕೇಳಿ ಧರ್ಮದ ಕಾವಲಿಗೆ ನಿಂತ ಗಳಿಗೆ ಅದು. 2009ರಲ್ಲಿ ಇದನ್ನು ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ತಂದಾಗ 9 ಲಕ್ಷಕ್ಕೂ ಹೆಚ್ಚು ಜನ ಸಾಲುಗಟ್ಟಿ ನೋಡಿದರು. ಒಬ್ಬ ಅಸುರನ ಮುಖ ನೋಡಲು ಅಷ್ಟು ಜನ.

ಇನ್ನೊಬ್ಬನೂ ಹೋಗಿದ್ದಾನೆ. ಬೋಧಿವೃಕ್ಷದ ಕೆಳಗೆ ಕೂತ ಸಿದ್ಧಾರ್ಥನನ್ನು ಎಬ್ಬಿಸಲು ಸೇನೆಯೊಂದಿಗೆ ಬಂದ ಮಾರ. ಲೋಕ ಯಾರನ್ನು ಕಾಮದೇವ ಎನ್ನುತ್ತದೋ ಅವನೇ ಈ ಮಾರ ಎಂದು ಅಶ್ವಘೋಷ ‘ಬುದ್ಧಚರಿತ’ದಲ್ಲಿ ಸ್ಪಷ್ಟವಾಗಿ ಹೇಳುತ್ತಾನೆ. ಜಪಾನಿನಲ್ಲಿ ಅವನು ಆರನೆಯ ಸ್ವರ್ಗದ ಒಡೆಯನಾದ ರಾಕ್ಷಸರಾಜ. ಹದಿನಾರನೆಯ ಶತಮಾನದ ದಂಡನಾಯಕ ಓಡಾ ನೊಬುನಾಗಾ ತನ್ನನ್ನು ಅದೇ ಹೆಸರಿನಿಂದ ಕರೆದುಕೊಂಡನೆಂದು ಆಗ ಅಲ್ಲಿದ್ದ ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಸ್ ಬರೆದಿಟ್ಟಿದ್ದಾನೆ. ಇವತ್ತಿನ ಆನಿಮೆಗಳಲ್ಲಿ ಸಿಂಹಾಸನದ ಮೇಲೆ ಕೂತಿರುವ ರಾಕ್ಷಸರಾಜರೆಲ್ಲ ಆ ವಂಶದವರು. ಕುಮಾರಪಟ್ಟಣದ ಓದುಗರಿಗೆ ಮಾರನನ್ನು ಪರಿಚಯಿಸಬೇಕಾಗಿಲ್ಲ. ಪಕ್ಕದ ರಾಣೆಬೆನ್ನೂರಿನಲ್ಲಿ ಹೋಳಿಗೆ ಜೀವಂತ ರತಿ-ಮನ್ಮಥರನ್ನು ಕೂರಿಸುತ್ತಾರೆ. ವೇಷ ಹಾಕಿ ಕದಲದೆ ಕೂತ ಆ ಇಬ್ಬರನ್ನು ನಗಿಸಲು ಜನ ಪಡುವ ಪಾಡು, ಅವರು ತುಟಿ ಬಿಗಿಹಿಡಿಯುವ ಗಟ್ಟಿತನ ಎರಡೂ ಊರಿಗೆಲ್ಲ ಹಬ್ಬ. ಆಮೇಲೆ ಕಾಮದಹನ. ಜಪಾನಿನ ಅಸುರರಾಜನ ಮೂಲಪುರುಷನನ್ನು ನಾವು ವರ್ಷ ವರ್ಷ ಕೂರಿಸಿ, ನಗಿಸಲು ನೋಡಿ, ಸುಡುತ್ತೇವೆ.

ಈಗ ವರಕ್ಕೆ ಬರೋಣ, ಏಕೆಂದರೆ ಗುಹಾಸುರ ಎಲ್ಲರಿಗಿಂತ ಬೇರೆ ನಿಲ್ಲುವುದು ಅಲ್ಲಿ. ಹಿರಣ್ಯಕಶಿಪು ಉದ್ದ ಪಟ್ಟಿ ಕೊಟ್ಟ: ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಒಳಗೆ ಬೇಡ, ಹೊರಗೆ ಬೇಡ, ಹಗಲು ಬೇಡ, ಇರುಳು ಬೇಡ. ನರಸಿಂಹ ಪ್ರತಿಯೊಂದರ ನಡುವಿನ ಸಂದಿಯಲ್ಲಿ ನುಗ್ಗಿದ. ರಾವಣ ಮನುಷ್ಯರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮನುಷ್ಯನೇ ಬಂದ. ಮಹಿಷ ಹೆಣ್ಣನ್ನು ಬಿಟ್ಟ, ಹೆಣ್ಣೇ ಬಂದಳು. ಇವರೆಲ್ಲರ ಸೋಲಿನಲ್ಲಿ ಒಂದು ಅಲಕ್ಷ್ಯ ಇದೆ, ಯಾರನ್ನೋ ಕೀಳಾಗಿ ಕಂಡ ದರ್ಪ ಇದೆ. ಗುಹಾಸುರ ಯಾರನ್ನೂ ಕೀಳಾಗಿ ಕಾಣಲಿಲ್ಲ. ಇರುವ ಇಬ್ಬರು ದೊಡ್ಡವರ ಹೆಸರನ್ನೂ ಹೇಳಿದ. ಅವನು ನಂಬಿದ್ದು ಒಂದನ್ನೇ: ಈ ಇಬ್ಬರು ಎಂದೂ ಬೇರೆ ಬೇರೆಯೇ. ಆ ನಂಬಿಕೆ ಅವನೊಬ್ಬನದಾಗಿರಲಿಲ್ಲ. ಹರನ ಭಕ್ತರೂ ಹರಿಯ ಭಕ್ತರೂ ಶತಮಾನಗಳ ಕಾಲ ಅದನ್ನೇ ನಂಬಿದ್ದರು, ಅದಕ್ಕಾಗಿ ಜಗಳ ಆಡಿದ್ದರು. ಗುಹಾಸುರ ಭಕ್ತರ ಜಗಳದ ಮೇಲೆ ತನ್ನ ಕೋಟೆ ಕಟ್ಟಿದ. ಅವನನ್ನು ಉರುಳಿಸಲು ದೇವರು ಹೊಸ ಆಯುಧ ತಂದರೆ ಸಾಲುತ್ತಿರಲಿಲ್ಲ, ದೇವರೇ ಬದಲಾಗಬೇಕಿತ್ತು. ಖಳನೊಬ್ಬನ ದೊಡ್ಡತನಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆ ಗೊತ್ತಿಲ್ಲ. ಅವನು ಎಷ್ಟು ಜನರನ್ನು ಕೊಂದ ಎಂಬುದು ಸಣ್ಣ ಲೆಕ್ಕ. ಎದುರಿಗೆ ನಿಂತವರು ಅವನಿಂದಾಗಿ ಏನಾದರು ಎಂಬುದು ದೊಡ್ಡ ಲೆಕ್ಕ.

ಹರಿಹರ ಮೂರ್ತಿ ಈ ಕಥೆಗಿಂತ ಬಹಳ ಹಳೆಯದು ಎಂಬುದನ್ನೂ ಹೇಳಬೇಕು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಆರನೆಯ ಶತಮಾನದ ಹರಿಹರ ಇದ್ದಾನೆ. ಬಲ ಅರ್ಧ ಹರ, ಎಡ ಅರ್ಧ ಹರಿ. ತಲೆಯ ಒಂದು ಬದಿಗೆ ಜಟೆ, ಇನ್ನೊಂದು ಬದಿಗೆ ಕಿರೀಟ. ಹರನ ಕಡೆಗೆ ಪಾರ್ವತಿ ಮತ್ತು ನಂದಿ, ಹರಿಯ ಕಡೆಗೆ ಲಕ್ಷ್ಮಿ ಮತ್ತು ಗರುಡ. ಎರಡೂ ಸಂಸಾರಗಳು ಒಂದೇ ಬಂಡೆಯಲ್ಲಿ. ಅಲ್ಲಿ ಅಸುರನಿಲ್ಲ. ಇಬ್ಬರು ಯಾಕೆ ಒಂದಾದರು ಎಂಬ ಪ್ರಶ್ನೆಗೆ ಬಾದಾಮಿಯ ಕಲ್ಲು ಉತ್ತರ ಕೊಡುವುದಿಲ್ಲ. ಕೂಡಲೂರಿನ ಕಥೆ ಕೊಡುತ್ತದೆ. ಆ ಮೂರ್ತಿಗೆ ಒಂದು ಕಾರಣ, ಒಂದು ತುರ್ತು, ಒಂದು ನೆಲ ಸಿಕ್ಕಿದ್ದು ಗುಹಾಸುರನಿಂದ.

ನೆಲವೂ ಹಾಗೇ ಇದೆ. ತುಂಗಭದ್ರೆ ಎಂಬ ಹೊಳೆಯೇ ತುಂಗೆ ಮತ್ತು ಭದ್ರೆ ಶಿವಮೊಗ್ಗದ ಕೂಡಲಿಯಲ್ಲಿ ಸೇರಿ ಆದದ್ದು. ಅದಕ್ಕೆ ಹರಿಹರದಲ್ಲಿ ಹರಿದ್ರಾ ಕೂಡುತ್ತದೆ. ಎರಡು ಒಂದಾಗುವುದನ್ನು ದಿನವೂ ಕಣ್ಣಾರೆ ನೋಡುವ ಜನ ಇಂಥ ಕಥೆ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಗುಡಿ ಕಟ್ಟಿದ್ದು 1224ರ ಹೊತ್ತಿಗೆ. ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ, ಮಂತ್ರಿ ಪೊಲಾಳ್ವ. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಕಟ್ಟಿಸಿದ. ಕಾಲವನ್ನು ಗಮನಿಸಿ. ಬಸವಣ್ಣ ಕಲ್ಯಾಣದಲ್ಲಿ ಎಬ್ಬಿಸಿದ ಅಲೆ ಈ ಸೀಮೆಯನ್ನೆಲ್ಲ ತೊಯ್ಸಿ ಆಗಿತ್ತು. ತೆಂಕಣದಲ್ಲಿ ಮೇಲುಕೋಟೆಯ ಕಡೆಯಿಂದ ರಾಮಾನುಜರ ಪ್ರಭಾವ ಗಟ್ಟಿಯಾಗಿತ್ತು. ರಾಜಕೀಯವಾಗಿ ತುಂಗಭದ್ರೆ ಬಡಗಣ ಸೇವುಣರಿಗೂ ತೆಂಕಣ ಹೊಯ್ಸಳರಿಗೂ ತಿಕ್ಕಾಟದ ಗೆರೆ. ಅಂಥ ಗೆರೆಯ ಮೇಲೆ ಒಬ್ಬ ಸೇನಾಪತಿ ಬಂದು ಹರನಿಗೊಂದು, ಹರಿಗೊಂದು ಎಂದು ಎರಡು ಗುಡಿ ಕಟ್ಟಲಿಲ್ಲ. ಇಬ್ಬರಿಗೂ ಸೇರಿ ಒಂದೇ ಗರ್ಭಗುಡಿ ಮಾಡಿದ. ಕಡೆದ ಕಂಬಗಳ ನಡುವೆ ನಿಂತಾಗ, ಅಂಗಳದ ಹಳಗನ್ನಡ ಶಾಸನಗಳ ಸಾಲು ನೋಡಿದಾಗ ಆ ಸೇನಾಪತಿಯ ಧೈರ್ಯ ನನ್ನನ್ನು ತಟ್ಟುತ್ತದೆ. ಯುದ್ಧ ಗೊತ್ತಿದ್ದವನಿಗೆ ಒಳಜಗಳ ಎಷ್ಟು ಅಪಾಯ ಎಂಬುದು ಗೊತ್ತಿದ್ದಿರಬೇಕು.

ಕನ್ನಡಿಗರು ಖಳನನ್ನು ಎಂದೂ ಅಗ್ಗವಾಗಿ ನೋಡಿದವರಲ್ಲ. ಪಂಪನ ದುರ್ಯೋಧನ, ರನ್ನನ ದುರ್ಯೋಧನ, ನಾಗಚಂದ್ರನ ರಾವಣ, ಕುವೆಂಪು ಅವರ ರಾವಣ ಎಂದು ಈ ಸಾಲು ಸಾವಿರ ವರ್ಷದಷ್ಟು ಉದ್ದ. ಸಿನಿಮಾಕ್ಕೂ ಅದು ಬಂತು. ರಾಜ್‌ಕುಮಾರ್ 1958ರ ‘ಭೂಕೈಲಾಸ’ದಲ್ಲಿ ರಾವಣ, ಮರುವರ್ಷ ‘ಮಹಿಷಾಸುರ ಮರ್ದಿನಿ’ಯಲ್ಲಿ ಮಹಿಷ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಹಿರಣ್ಯಕಶಿಪು. ನಾಡು ತನ್ನ ಅತ್ಯಂತ ಪ್ರೀತಿಯ ನಟನಿಗೆ ಅಸುರನ ಕಿರೀಟ ತೊಡಿಸಿ ಕಣ್ತುಂಬ ನೋಡಿತು. ಆ ಹಿರಣ್ಯಕಶಿಪು ಮಗನನ್ನು ಬೈಯುವಾಗಲೂ ಅವನ ಕಣ್ಣಿನಲ್ಲಿ ತಂದೆಯ ಸಂಕಟ ಕಾಣುತ್ತದೆ. ಅದನ್ನು ನೋಡಿ ಬೆಳೆದ ಮನೆಗಳ ಮೊಮ್ಮಕ್ಕಳು 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಆನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ಕ್ಕೆ ಹಿಂಡುಹಿಂಡಾಗಿ ಹೋದರು. ಪುರಾಣವನ್ನು ಮಕ್ಕಳು ಮರೆತಿದ್ದಾರೆ ಎನ್ನುವವರು ಆ ಚಿತ್ರಮಂದಿರಗಳಲ್ಲಿ ಕೂರಬೇಕಿತ್ತು.

ಸಿನಿಮಾಕ್ಕೂ ಮೊದಲು ನಮ್ಮ ಹಾವೇರಿ ಸೀಮೆಗೆ ಅಸುರನನ್ನು ತೋರಿಸಿದ್ದು ದೊಡ್ಡಾಟ. ಸುಗ್ಗಿ ಮುಗಿದು ಹೊಲ ಖಾಲಿಯಾದ ದಿನಗಳು. ಊರ ಮುಂದೆ ಹಲಗೆಯ ಅಟ್ಟ. ಗಣಪತಿ ಸ್ತುತಿ, ಸರಸ್ವತಿ ಸ್ತುತಿ ಮುಗಿದು, ರಾಜರು ಬಂದು ಹೋಗಿ, ಸಣ್ಣ ಮಕ್ಕಳು ಅವ್ವಂದಿರ ತೊಡೆಯ ಮೇಲೆ ನಿದ್ದೆಹೋದ ಮೇಲೆ ರಾಕ್ಷಸ ಪಾತ್ರ ಬರುತ್ತದೆ. ಮೊದಲು ತೆರೆಯ ಹಿಂದೆ ಅಬ್ಬರ ಮಾತ್ರ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಅದರ ಮೇಲಂಚಿಗೆ ಎರಡು ಕೈ ಬೀಳುತ್ತವೆ, ಕಿರೀಟದ ತುದಿ ಏಳುತ್ತದೆ, ಮತ್ತೆ ಮುಳುಗುತ್ತದೆ. ಮದ್ದಲೆ ಏರುತ್ತದೆ. ಮಕ್ಕಳು ಎದ್ದು ಕೂರುತ್ತಾರೆ. ತೆರೆ ಸರಿದಾಗ ಕೆಂಪು ಬಳಿದ ಮುಖ, ಕೆನ್ನೆ ತುಂಬುವ ಮೀಸೆ, ಎರಡು ಹೆಗಲಿಗೂ ಭುಜಕೀರ್ತಿ. ಮೊದಲ ಹೆಜ್ಜೆಗೇ ಹಲಗೆ ಗುಡುಗುತ್ತದೆ. ಆಗ ಸಾರಥಿ ಮುಂದೆ ಬಂದು ತಾವು ಯಾರು, ಯಾವ ಪಟ್ಟಣದವರು ಎಂದು ಕೇಳುತ್ತಾನೆ. ರಾಕ್ಷಸ ತನ್ನ ಹೆಸರು, ತನ್ನ ನೆಲ, ತಾನು ಪಡೆದ ವರ ಎಲ್ಲವನ್ನೂ ತಾನೇ ಹೇಳಿಕೊಳ್ಳುತ್ತಾನೆ. ಆ ಪಾತ್ರವನ್ನು ಊರಿನಲ್ಲಿ ಎಲ್ಲರಿಗೂ ಕೊಡುವುದಿಲ್ಲ. ಎದೆಯಲ್ಲಿ ದನಿ ಇರಬೇಕು, ಇರುಳಿಡೀ ಕುಣಿಯುವ ಕಾಲು ಇರಬೇಕು.

ಆನಿಮೆಯಲ್ಲಿ ಖಳ ಕಾಣಿಸಿಕೊಳ್ಳುವ ಮೊದಲು ಅವನ ನೆರಳು, ಅವನ ದನಿ, ಅವನ ಹೆಸರು ಕೇಳಿದವರ ನಡುಕ ಎಲ್ಲ ಬಂದು ಹೋಗುತ್ತವಲ್ಲ, ಅದು ನಮ್ಮ ತೆರೆಯ ಆಟವೇ. ಮುಜಾನನ ಹೆಸರನ್ನು ಅವನ ಕೈಕೆಳಗಿನ ರಾಕ್ಷಸರು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಅವನ ಶಾಪ ಅಲ್ಲೇ ಅವರನ್ನು ಕೊಲ್ಲುತ್ತದೆ. ದೊಡ್ಡಾಟದ ರಾಕ್ಷಸ ತನ್ನ ಹೆಸರನ್ನು ತಾನೇ ಸಾರಿ ಹೇಳುತ್ತಾನೆ. ಅಡಗಿ ಬಾಳುವವನಿಗೂ ಎದುರಿಗೆ ಬಂದು ನಿಲ್ಲುವವನಿಗೂ ಇರುವ ಈ ಅಂತರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಸಾಯುವ ಹೊತ್ತಿನಲ್ಲಿ ಅದೇ ಮತ್ತೆ ಎದ್ದುಬರುತ್ತದೆ.

ಜಪಾನಿನ ಕಥೆಗಳೆಲ್ಲ ಒಂದೇ ತೂಕದವಲ್ಲ. ‘ಫ್ರೀರೆನ್’ ಎಂಬ ಸೊಗಸಾದ ಸರಣಿ ಇದೆ, 2023ರಲ್ಲಿ ಆನಿಮೆಯಾಗಿ ಬಂತು. ಅದರಲ್ಲಿ ಹತ್ತು ವರ್ಷದ ದಾರಿ ಸವೆಸಿ ನಾಲ್ವರು ರಾಕ್ಷಸರಾಜನನ್ನು ಕೊಂದಾದ ಮೇಲೆ ಕಥೆ ತೊಡಗುತ್ತದೆ. ಜೊತೆಗಾರರು ಮುದುಕರಾಗುತ್ತಾರೆ, ಅವರಲ್ಲಿ ಇಬ್ಬರು ಸಾಯುತ್ತಾರೆ. ಸಾವಿರ ವರ್ಷ ಮೀರಿ ಬದುಕುವ ಫ್ರೀರೆನ್ ನೆನಪುಗಳ ಹಿಂದೆ ನಡೆಯುತ್ತಾಳೆ. ಖಳ ಸತ್ತ ಮೇಲಿನ ಲೋಕ ಹೇಗಿರುತ್ತದೆ ಎಂದು ಅಷ್ಟು ಮೃದುವಾಗಿ ಕೇಳಿದ ಕಥೆ ಅಪರೂಪ. ಆದರೆ ಆ ಲೋಕದ ರಾಕ್ಷಸರಿಗೆ ಹೃದಯವೇ ಇಲ್ಲ, ಅವರ ಮಾತೆಲ್ಲ ಬೇಟೆಯ ಬಲೆ. ಅಲ್ಲಿ ನನಗೆ ತೊಡಕು. ನಮ್ಮ ಅಸುರ ತಪಸ್ವಿ. ಅವನು ಬೇಡಿದ ದೇವರು ನಮ್ಮದೇ ದೇವರು. ಬಲಿಯಂಥವನು ಒಳ್ಳೆಯ ರಾಜನೂ ಹೌದು. ಅವನನ್ನು ಬಲಿಪಾಡ್ಯದಂದು ಮನೆಗೆ ಕರೆದು ದೀಪ ಹಚ್ಚುತ್ತೇವೆ. ಈ ವಿಷಯದಲ್ಲಿ ‘ಡೀಮನ್ ಸ್ಲೇಯರ್’ ನಮಗೆ ಹತ್ತಿರ. ಬೆಟ್ಟದ ಕಾಡಿನಲ್ಲಿ ರುಯಿ ಎಂಬ ಎಳೆಯ ರಾಕ್ಷಸ ಸಾಯುತ್ತಾನೆ. ದೇಹ ಬೂದಿಯಾಗುತ್ತಿರುವಾಗ ಅವನಿಗೆ ತನ್ನ ತಂದೆತಾಯಿಯ ನೆನಪು ಮರಳುತ್ತದೆ. ಅವನ ಕೈಯಲ್ಲಿ ಸಾಯುವಷ್ಟು ಪೆಟ್ಟು ತಿಂದ ತಾಂಜಿರೊ ಅವನ ಬೆನ್ನಿನ ಮೇಲೆ ಕೈ ಇಡುತ್ತಾನೆ. ಉಳಿದ ಬಟ್ಟೆಯನ್ನು ಹಿರಿಯ ಕತ್ತಿಗಾರ ತುಳಿದಾಗ, ಕಾಲು ತೆಗೆ ಎನ್ನುತ್ತಾನೆ. ಇವರೂ ಒಂದು ಕಾಲಕ್ಕೆ ಮನುಷ್ಯರಾಗಿದ್ದವರು ಎಂಬುದು ಅವನ ವಾದ. ನಮ್ಮ ಮಕ್ಕಳು ಅಳುವುದು ಅಲ್ಲಿ.

ಮುಜಾನನ ಸಾವು ಬೇರೆ ಬಗೆಯದು. ಮಾಂಗಾ ಓದಿ ಮುಗಿಸಿದವರಿಗೆ ಗೊತ್ತು, ಬೆಳಗಿನ ಬಿಸಿಲು ಅವನನ್ನು ಸುಡುತ್ತದೆ. ಆ ಕಡೆಯ ಗಳಿಗೆಯಲ್ಲಿ ಅವನು ತನ್ನ ಆಸೆ ತನ್ನ ನಂತರವೂ ಉಳಿಯಬೇಕೆಂದು ತಾಂಜಿರೊನನ್ನೇ ರಾಕ್ಷಸನನ್ನಾಗಿ ಮಾಡಲು ನೋಡುತ್ತಾನೆ, ಕಣ್ಣೀರಿಟ್ಟು ಬೇಡಿಕೊಳ್ಳುತ್ತಾನೆ. ಸಾವಿರ ವರ್ಷ ಬದುಕಿದರೂ ಅವನಿಗೆ ಬೇಕಾದದ್ದು ಇನ್ನೊಬ್ಬನ ದೇಹ. ಗುಹಾಸುರ ಯಾರ ದೇಹವನ್ನೂ ಕೇಳಲಿಲ್ಲ, ಸೇಡನ್ನೂ ಕೇಳಲಿಲ್ಲ, ಪ್ರಾಣವನ್ನಂತೂ ಕೇಳಲೇ ಇಲ್ಲ. ನೆಲಕ್ಕೆ ತನ್ನ ಹೆಸರಿರಲಿ ಎಂದ. ನರಕಾಸುರ ತಾನು ಸತ್ತ ದಿನ ಜನ ದೀಪ ಹಚ್ಚಲಿ ಎಂದು ಕೇಳಿಕೊಂಡನೆಂಬ ಮಾತಿದೆ. ಮಹಿಷನ ಹೆಸರು ಮೈಸೂರಿನಲ್ಲಿ ಉಳಿಯಿತು. ಸೋತವನ ಹೆಸರನ್ನು ಅಳಿಸದೆ ಉಳಿಸಿಕೊಳ್ಳುವ ಈ ರೂಢಿ ನಮ್ಮ ಪುರಾಣಗಳ ದೊಡ್ಡ ಗುಣ ಎಂದು ನಾನು ನಂಬುತ್ತೇನೆ.

ಆದರೆ ಗುಹಾಸುರನಿಗೆ ಕೊಟ್ಟ ಮಾತನ್ನು ನಾವು ಪೂರ್ತಿ ನಡೆಸಿಲ್ಲ. ಮಹಿಷನಿಗೆ ಚಾಮುಂಡಿ ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದ ಬಣ್ಣದ ಪ್ರತಿಮೆ ಇದೆ. ನಾಡಿಗೆಲ್ಲ ಅವನು ಗೊತ್ತು. ಬಲಿಗೆ ಹಬ್ಬವಿದೆ. ರಾವಣನಿಗೆ ಜಪಾನಿನವರೇ ರೂಪ ಕೊಟ್ಟರು. ಯುಗೊ ಸಾಕೊ, ನಮ್ಮ ರಾಮಮೋಹನ್ ಜೊತೆಗೂಡಿ ಮಾಡಿದ ಆನಿಮೆ ರಾಮಾಯಣ ಮೂರು ದಶಕದ ಮೇಲೆ, 2025ರ ಜನವರಿಯಲ್ಲಿ, ಭಾರತದ ಚಿತ್ರಮಂದಿರಗಳಿಗೆ ಮತ್ತೆ ಬಂತು. ಗುಹಾಸುರ ಮಾತ್ರ ಗುಡಿಯ ಕಥೆ ಹೇಳುವವರ ಬಾಯಲ್ಲಿ ನಾಲ್ಕು ವಾಕ್ಯವಾಗಿ ಉಳಿದಿದ್ದಾನೆ. ಹರಿಹರಕ್ಕೆ ಬಂದವರು ಹರಿಹರೇಶ್ವರನಿಗೆ ಕೈಮುಗಿದು ಹೋಗುತ್ತಾರೆ. ಆ ದೇವರು ಆ ರೂಪ ತಾಳಲು ಕಾರಣನಾದವನ ಹೆಸರು ಕುಮಾರಪಟ್ಟಣದ ಎಷ್ಟು ಮಕ್ಕಳಿಗೆ ಗೊತ್ತಿರಬಹುದು?

ಚಿತ್ರ ಬರೆಯುವ ಹುಡುಗ ಹುಡುಗಿಯರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಮುಜಾನನ ಟೋಪಿಯನ್ನೂ ತಾಂಜಿರೊನ ಚೌಕಳಿ ಅಂಗಿಯನ್ನೂ ನೋಟ್‌ಬುಕ್ಕಿನ ಹಿಂಬದಿ ಹಾಳೆಗಳಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಅವರಿಗೆ ನನ್ನ ಮಾತು ಇಷ್ಟು. ನಿಮ್ಮ ಹೊಳೆಯ ಅಸುರನನ್ನು ಬರೆಯಿರಿ. ಮುಖಕ್ಕೆ ದೊಡ್ಡಾಟದ ಬಣ್ಣ ಕೊಡಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನಿಮ್ಮ ಕಣ್ಣಿಗೆ ಚಿಕ್ಕಂದಿನಿಂದ ಗೊತ್ತಲ್ಲ, ಅದೇ ಇರಲಿ. ಅವನು ತಪಸ್ಸಿಗೆ ಕೂತ ವರ್ಷಗಳನ್ನು ಎರಡು ಚೌಕದಲ್ಲಿ ಮುಗಿಸಬೇಡಿ. ಮಳೆಗಾಲದಲ್ಲಿ ಮಣ್ಣುಬಣ್ಣಕ್ಕೆ ತಿರುಗಿ ದಂಡೆ ಮೀರುವ ತುಂಗಭದ್ರೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ತುಂಗಭದ್ರೆ ಎರಡೂ ಬರಲಿ. ಬ್ರಹ್ಮ ಎದುರು ನಿಂತಾಗ, ಅವನು ಹರಿಯ ಹೆಸರನ್ನೂ ಹರನ ಹೆಸರನ್ನೂ ಹೇಳುವ ಮೊದಲು ಏನು ಯೋಚಿಸಿದ ಎಂಬುದು ಸ್ಥಳಪುರಾಣದಲ್ಲಿಲ್ಲ. ಅದನ್ನು ನೀವೇ ಕಟ್ಟಬೇಕು. ಅವನು ಯಾರ ಜಗಳವನ್ನು ಕಂಡು ಆ ವರ ಕೇಳಿದ? ಯಾವ ಊರಿನ ಎರಡು ಗುಂಪು? ಐರಣಿಯ ಕೋಟೆಯ ಕಲ್ಲಿನ ಮೇಲೆ ಕೂತು ತೆಂಕಣಕ್ಕೆ ನೋಡಿದರೆ ಅವನ ನೆಲವಿಡೀ ಎದುರಿಗಿರುತ್ತದೆ. ಮೊದಲ ಪುಟವನ್ನು ಅಲ್ಲಿಂದ ಶುರುಮಾಡಬಹುದು.